ಕರ್ಣಕುಂಡಲಕ್ಕೆ ಸರಳೆವರಸೆ

ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಒಂದು ಬೆಳಿಗ್ಗೆ ಕಾಂಪೌಂಡಿನ ಮೇಲಿಂದ ಕತ್ತು ಚಾಚಿ ಕೇಳಿದರು: “ಏನ್ ಸ್ವಾಮಿ, ಮೂರು ವಾರದಿಂದ ಬರೀ ಸರಳೆವರಸೆ ಕೇಳಿಸ್ತಿದೆ. ಯಾರು ಕಲೀತಿರೋದು? ಮುಂದಕ್ಕೇ ಹೋಗ್ತಿಲ್ವಲ್ಲ!”

ಕಲಿಯುತ್ತಿದ್ದದ್ದು ಹನ್ನೆರಡು ಕರ್ಣಕುಂಡಲದ ಗಿಡಗಳು. ಹಾಗೆಂದು ಹೇಳಲು ಧೈರ್ಯ ಬರಲಿಲ್ಲ. “ಅಕ್ಕನ ಹೊಸ ಶಿಷ್ಯರು” ಎಂದೆ. “ಪಾಪ, ಒಳ್ಳೆ ತಾಳ್ಮೆ ನಿಮ್ಮಕ್ಕಂಗೆ” ಎಂದು ಒಳಗೆ ಹೋದರು.

ಶುರುವಾದದ್ದು ಫೋನಿಗೆ ಬಂದ ಒಂದು ವಿಡಿಯೊದಿಂದ. ಎರಡು ಕುಂಡ, ಒಂದರ ಪಕ್ಕ ವೀಣೆ, ಇನ್ನೊಂದರ ಪಕ್ಕ ಏನಿಲ್ಲ. ವೀಣೆ ಕೇಳಿದ್ದು ದಟ್ಟ ಹಸಿರು, ಕೇಳದ್ದು ಬಾಡಿ ಬೆಂಡು. ನೋಡಿದ ಕೂಡಲೇ ನಾನು ಅದನ್ನು ಅಕ್ಕನಿಗೆ ಕಳಿಸಿದೆ. ನಾವು ಮೈಸೂರಿನಲ್ಲಿ ಒಂದೇ ಕಟ್ಟಡದಲ್ಲಿದ್ದೇವೆ: ಕೆಳಗೆ ಅಕ್ಕ, ಅವಳ ವೀಣೆ, ಅವಳ ಪಾಠದ ಮಕ್ಕಳು, ಮೇಲೆ ನಾವು, ಅಮ್ಮ, ಅದರ ಮೇಲೆ ತಾರಸಿ, ಅಲ್ಲಿ ನನ್ನ ಕುಂಡಗಳು. ನನ್ನ ಉದ್ಯೋಗ ಲೆಕ್ಕಪತ್ರದ್ದು. ಏನೇ ಆದರೂ ಗೆರೆ ಎಳೆದು ಪಟ್ಟಿ ಮಾಡುವ ಚಾಳಿ. ಹಾಗಾಗಿ ಅಕ್ಕ “ಲೋ, ನಾವೂ ನೋಡೇ ಬಿಡೋಣ” ಎಂದಾಗ ಹಳೆಯ ಲೆಡ್ಜರ್ ಒಂದನ್ನು ಹುಡುಕಿ ತೆಗೆದದ್ದೇ ನಾನು ಮಾಡಿದ ಮೊದಲ ಕೆಲಸ.

ಕರ್ಣಕುಂಡಲವನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು. ಚಿದಂಬರಂ ಬಳಿಯ ಅಣ್ಣಾಮಲೈ ವಿಶ್ವವಿದ್ಯಾಲಯದಲ್ಲಿ ಸಸ್ಯಶಾಸ್ತ್ರ ವಿಭಾಗದ ಮುಖ್ಯಸ್ಥರಾಗಿದ್ದ ಟಿ.ಸಿ. ಸಿಂಗ್ ಎಂಬವರು 1950–60ರ ದಶಕಗಳಲ್ಲಿ ಇದೇ ಗಿಡಕ್ಕೆ ಸಂಗೀತ ಕೇಳಿಸಿದ್ದರು. ಅವರು ಮೊದಲು ಕೈಹಾಕಿದ್ದು ನೀರಿನಲ್ಲಿ ಬೆಳೆಯುವ ಹೈಡ್ರಿಲ್ಲಾ ಎಂಬ ಗಿಡಕ್ಕೆ. ಅದರ ಎಲೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕೋಶದೊಳಗಿನ ಜೀವರಸ ಹರಿಯುವುದು ಕಾಣುತ್ತದೆ. ಪಕ್ಕದಲ್ಲಿ ಟ್ಯೂನಿಂಗ್ ಫೋರ್ಕ್ ಮೊಳಗಿಸಿದರೆ ಆ ಹರಿವು ಚುರುಕಾಗುತ್ತದೆ ಎಂದು ಅವರು ಬರೆದರು. ಆಮೇಲೆ ಪಿಟೀಲು, ಕೊಳಲು, ವೀಣೆ. ಸಂಗೀತ ಕೇಳಿದ ಕರ್ಣಕುಂಡಲ ಐದನೇ ಒಂದು ಪಾಲು ಎತ್ತರ ಹೆಚ್ಚು ಬೆಳೆಯಿತು ಎಂದು ಅವರ ವರದಿ. ಗೆಜ್ಜೆ ಕಟ್ಟದೆ ಭರತನಾಟ್ಯ ಮಾಡಿಸಿ, ಹೆಜ್ಜೆಯ ಕಂಪನವಷ್ಟೇ ಗಿಡಕ್ಕೆ ತಲುಪುವಂತೆ ಮಾಡಿ ನೋಡಿದ್ದೂ ಉಂಟು. ಭತ್ತದ ಗದ್ದೆಗೆ ಧ್ವನಿವರ್ಧಕ ಹಚ್ಚಿದ್ದೂ ಉಂಟು.

ಇಷ್ಟು ಓದಿದ ಮೇಲೆ ಬೇರೆ ಗಿಡ ಯಾಕೆ? ಅಲ್ಲದೆ ಕರ್ಣಕುಂಡಲವೆಂದರೆ ನಮ್ಮ ಕಡೆ ಗೌರಿ ಹೂವು. ಜೂನಿನಲ್ಲಿ ಬೀಜ ಹಾಕಿದರೆ ಗೌರಿ ಹಬ್ಬಕ್ಕೆ ಹೂವು. ಹೋದ ವರ್ಷ ಕಾಯಿ ಸಿಡಿಯುವ ಮುಂಚೆಯೇ ಅಮ್ಮ ಬಟ್ಟೆ ಕಟ್ಟಿ ಹಿಡಿದ ಬೀಜ ಹಳೆಯ ಮಾತ್ರೆ ಡಬ್ಬಿಯಲ್ಲಿತ್ತು. ಹೆಸರಿನಲ್ಲೇ ಕಿವಿ ಬೇರೆ ಇದೆ.

ಕೆಂಪು ಮಣ್ಣು, ಕೊಕೊಪೀಟ್, ಎರೆಗೊಬ್ಬರ ಮೂರನ್ನೂ ತಾರಸಿಯ ಮೇಲೆ ಒಂದೇ ಗುಡ್ಡೆ ಹಾಕಿ ಕಲಸಿ ಇಪ್ಪತ್ನಾಲ್ಕು ಕುಂಡ ತುಂಬಿದೆ. ಆರನೇ ದಿನಕ್ಕೆ ಮೊಳಕೆ. ಕುಂಡಕ್ಕೊಂದು ಸಸಿ ಉಳಿಸಿ ಮಿಕ್ಕದ್ದು ಕಿತ್ತೆ. ಹನ್ನೆರಡು ಕುಂಡ ನೀರಿನ ಟ್ಯಾಂಕಿನ ಕೆಳಗೆ, ಸ್ಪೀಕರ್ ಪಕ್ಕ. ಇನ್ನು ಹನ್ನೆರಡು ತಾರಸಿಯ ಆ ತುದಿಯಲ್ಲಿ, ಮೆಟ್ಟಿಲ ಕೋಣೆಯ ಗೋಡೆಯ ಆಚೆ. ಸ್ಪೀಕರ್ ಮಳೆಗೆ ನೆನೆಯಬಾರದಲ್ಲ, ಅದಕ್ಕೇ ಟ್ಯಾಂಕಿನ ಕೆಳಗೆ. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಯಾವ ರಾಗ ಎಂಬ ಚರ್ಚೆ ಎರಡು ದಿನ ನಡೆಯಿತು. ನಾನು ಅಮೃತವರ್ಷಿಣಿ ಎಂದೆ. “ಅದು ಮಳೆಗೆ ಕಣೋ. ನೀರು ನೀನೇ ಹಾಕ್ತೀಯಲ್ಲ” ಎಂದಳು ಅಕ್ಕ. ಕೊನೆಗೆ ಅವಳದ್ದೇ ತೀರ್ಪು: ಪುರಂದರದಾಸರ ಕಾಲದಿಂದ ಕಲಿಯುವವರಿಗೆಲ್ಲ ಮೊದಲು ಮಾಯಾಮಾಳವಗೌಳ, ಸಸಿಗಳಿಗೂ ಅದೇ ಸರಿ. ಸರಳೆವರಸೆಯಿಂದ ಜಂಟಿವರಸೆವರೆಗೆ ವೀಣೆಯಲ್ಲಿ ನುಡಿಸಿ ರೆಕಾರ್ಡ್ ಮಾಡಿಕೊಟ್ಟಳು, ಮುಕ್ಕಾಲು ಗಂಟೆ. ದಿನಾ ಬೆಳಿಗ್ಗೆ ಆರೂಕಾಲಿಗೆ ಹಚ್ಚಿ, ಪಕ್ಕದಲ್ಲಿ ಕುರ್ಚಿ ಹಾಕಿ ಕಾಫಿ ಹಿಡಿದು ಕೂರುವುದು ನನ್ನ ಪಾಲಿನ ಕೆಲಸ. ಫೋನಿನ ಡೆಸಿಬೆಲ್ ಆ್ಯಪ್‌ನಲ್ಲಿ ನೋಡಿದರೆ ಸಂಗೀತದ ಕುಂಡಗಳ ಬಳಿ 72, ಮೌನದ ಕುಂಡಗಳ ಬಳಿ 54. ಮೌನ ಎನ್ನುವುದು ನಾವು ಇಟ್ಟ ಹೆಸರು ಅಷ್ಟೆ. ದೇವಸ್ಥಾನದ ಸುಪ್ರಭಾತ, ಹಾಲಿನವನ ಸ್ಕೂಟರ್, ಎದುರು ಮನೆಯ ಮಿಕ್ಸಿ, ಎಲ್ಲ ಅವಕ್ಕೂ ಕೇಳಿಸುತ್ತಿತ್ತು. ಮೈಸೂರಿನಲ್ಲಿ ನಿಶ್ಶಬ್ದವಾದ ತಾರಸಿ ಹುಡುಕಿಕೊಂಡು ಹೋಗುವುದಕ್ಕಿಂತ ಚಾಮುಂಡಿ ಬೆಟ್ಟ ಹತ್ತುವುದು ಸುಲಭ.

ವಾರಕ್ಕೊಮ್ಮೆ ಭಾನುವಾರ ಸ್ಕೇಲು ಹಿಡಿದು ಅಳೆದೆ. ಎರಡನೇ ಭಾನುವಾರ ಏನೂ ವ್ಯತ್ಯಾಸ ಇಲ್ಲ. ಮೂರನೆಯದಕ್ಕೆ ಸಂಗೀತದ ಸಾಲು ಒಂದು ಬೆರಳು ಮುಂದೆ. ಮೂವತ್ತೈದನೇ ದಿನಕ್ಕೆ ಸಂಗೀತದವು ಸರಾಸರಿ 31 ಸೆಂಟಿಮೀಟರ್, ಮೌನದವು 26. ಲೆಡ್ಜರಿನಲ್ಲಿ ಆ ಎರಡು ಅಂಕಿಗೆ ಕೆಂಪು ಶಾಯಿಯಲ್ಲಿ ಅಡಿಗೆರೆ ಎಳೆದೆ. ಸಿಂಗ್ ಹೇಳಿದ್ದು ಐದನೇ ಒಂದು ಪಾಲು, ನಮ್ಮದೂ ಹತ್ತಿರ ಹತ್ತಿರ ಅಷ್ಟೇ! ಅಕ್ಕನ ಮುಖ ನೋಡಬೇಕಿತ್ತು. ಆ ದಿನ ಸಂಜೆ ಪಾಠಕ್ಕೆ ಬಂದ ಮಕ್ಕಳನ್ನೆಲ್ಲ ಮೇಲೆ ಕರೆತಂದು ತೋರಿಸಿದಳು. “ನೋಡಿ, ದಿನಾ ಸಾಧನೆ ಮಾಡಿದರೆ ಹೀಗೆ.”

ಅಕ್ಕನ ಮಗಳು ಮಂಡ್ಯದ ವಿ.ಸಿ. ಫಾರಂನಲ್ಲಿ ಬಿ.ಎಸ್ಸಿ. ಅಗ್ರಿ ಓದುತ್ತಾಳೆ. ಶನಿವಾರ ಹಾಸ್ಟೆಲಿನಿಂದ ಬಂದವಳನ್ನು ಚಪ್ಪಲಿ ಬಿಡುವ ಮುಂಚೆಯೇ ತಾರಸಿಗೆ ಎಳೆದುಕೊಂಡು ಹೋದೆ. ಅವಳು ಎರಡು ಸಾಲನ್ನೂ ನೋಡಿದಳು. ಸಂಗೀತದ ಸಾಲಿನ ಒಂದು ಗಿಡದ ಕಾಂಡವನ್ನು ಎರಡು ಬೆರಳಲ್ಲಿ ಹಿಡಿದು ಅಲುಗಿಸಿದಳು. ತಲೆ ಎತ್ತಿ ಟ್ಯಾಂಕ್ ನೋಡಿದಳು.

“ಮಾಮ, ಇಲ್ಲಿಗೆ ಬಿಸಿಲು ಎಷ್ಟು ಹೊತ್ತಿಗೆ ಬರತ್ತೆ?”

“ಹತ್ತಾಗತ್ತೆ. ಯಾಕೆ ಪುಟ್ಟಿ?”

“ಆ ಕಡೆಗೆ?”

ಆ ಕಡೆಗೆ ಏಳು ಗಂಟೆಗೇ ಬರುತ್ತಿತ್ತು. ಅಷ್ಟು ಕೇಳುವಷ್ಟರಲ್ಲೇ ನನಗೆ ಹೊಟ್ಟೆಯಲ್ಲಿ ಒಂಥರಾ ಆಯಿತು. ಬೆಳಕು ಕಡಿಮೆಯಾದ ಗಿಡ ಬೆಳಕು ಹುಡುಕಿಕೊಂಡು ಉದ್ದಕ್ಕೆ ಎಳೆದುಕೊಳ್ಳುತ್ತದೆ. ಗಿಣ್ಣು ಗಿಣ್ಣಿನ ನಡುವೆ ಅಂತರ ಹೆಚ್ಚು, ಕಾಂಡ ತೆಳು, ಎಲೆಯ ಬಣ್ಣ ಪೇಲವ. ನಮ್ಮ ಸಂಗೀತ ವಿದ್ವಾಂಸರೆಲ್ಲ ಹಾಗೇ ಇದ್ದರು, ಅದನ್ನು ನೋಡುವ ಕಣ್ಣು ನನಗಿರಲಿಲ್ಲ. ಸ್ಪೀಕರ್ ನೆನೆಯದಿರಲಿ ಎಂದು ನಾನು ಗಿಡಗಳನ್ನು ನೆರಳಿಗೆ ಹಾಕಿದ್ದೆ. ಎತ್ತರವನ್ನೇ ಏಳಿಗೆ ಅಂದುಕೊಂಡಿದ್ದೆ. ಮೌನದ ಸಾಲು ಗಿಡ್ಡಗೆ, ದಪ್ಪಗೆ, ಕಂಕುಳು ಕಂಕುಳಲ್ಲಿ ಮೊಗ್ಗು ಹೊತ್ತು ನಿಂತಿತ್ತು. ಮೊದಲ ಹೂವು ಬಿಟ್ಟದ್ದೂ ಆ ಸಾಲಿನಲ್ಲೇ. ನನ್ನ ಲೆಡ್ಜರಿನಲ್ಲಿ ಮೊಗ್ಗಿಗೆ ಕಾಲಮ್ಮೇ ಇರಲಿಲ್ಲ.

ಇನ್ನೊಂದು ವಿಷಯವನ್ನು ಪುಟ್ಟಿ ಹೇಳಲಿಲ್ಲ, ನನಗೇ ಹೊಳೆಯಿತು. ಬೆಳಿಗ್ಗೆ ಮುಕ್ಕಾಲು ಗಂಟೆ ನಾನು ಕೂತಿರುತ್ತಿದ್ದದ್ದು ಸಂಗೀತದ ಗಿಡಗಳ ಪಕ್ಕ. ಎಲೆಯಡಿ ಬಿಳಿ ನೊಣ ಕಂಡರೆ ಅಲ್ಲೇ ಒರೆಸುತ್ತಿದ್ದೆ. ಮಣ್ಣು ಒಣಗಿದಂತೆ ಕಂಡರೆ ಇನ್ನೊಂದು ಲೋಟ ನೀರು. ಆ ತುದಿಯವಕ್ಕೆ ಸಂಜೆ ಒಂದು ಸಲ ಪೈಪ್ ಹಿಡಿದು ಬರುತ್ತಿದ್ದೆ, ಅಷ್ಟೆ. ಗಿಡಗಳು ವೀಣೆ ಕೇಳಿದವೋ ಬಿಟ್ಟವೋ, ವೀಣೆ ಇದ್ದಲ್ಲಿ ನಾನು ಇದ್ದೆ.

ಗೌರಿ ಹಬ್ಬ ಬಂತು, ಎರಡೂ ಸಾಲಿನ ಹೂವು ಭೇದವಿಲ್ಲದೆ ದೇವರ ಮುಡಿಗೇರಿತು. ಹಬ್ಬ ಮುಗಿದ ಮೇಲೆ ಪುಟ್ಟಿಯ ಯಜಮಾನಿಕೆಯಲ್ಲಿ ಎರಡನೇ ಸುತ್ತು.

ಈ ಸಲ ನಿಯಮ ಕಠಿಣ. ಇಪ್ಪತ್ನಾಲ್ಕು ಕುಂಡಕ್ಕೂ ನಂಬರು. ಚೀಟಿ ಬರೆದು ಸ್ಟೀಲ್ ಡಬ್ಬಿಯಲ್ಲಿ ಕುಲುಕಿ, ಅಮ್ಮನ ಕೈಯಲ್ಲಿ ಹನ್ನೆರಡು ಎತ್ತಿಸಿದಳು. ಅವು ಸಂಗೀತಕ್ಕೆ. ಹಗಲಿಡೀ ಎಲ್ಲ ಕುಂಡಗಳೂ ತಾರಸಿಯ ಒಂದೇ ಜಾಗದಲ್ಲಿ, ಬೆರೆತುಕೊಂಡು. ವಾರಕ್ಕೊಮ್ಮೆ ಜಾಗ ಅದಲುಬದಲು. ಸಂಜೆ ಮುಕ್ಕಾಲು ಗಂಟೆ ಮಾತ್ರ ಹನ್ನೆರಡನ್ನು ನಮ್ಮ ಮಲಗುವ ಕೋಣೆಗೆ ಒಯ್ದು ಸಂಗೀತ ಹಚ್ಚುವುದು, ಮಿಕ್ಕ ಹನ್ನೆರಡನ್ನು ಅಷ್ಟೇ ಹೊತ್ತು ಸ್ಟೋರ್ ರೂಮಿಗೆ ಒಯ್ದು ಬಾಗಿಲು ಹಾಕುವುದು.

“ಸುಮ್ಮನೆ ಇರೋವನ್ನೂ ಯಾಕೆ ಹೊರಬೇಕೇ?” ಎಂದು ಸೊಂಟ ಹಿಡಿದುಕೊಂಡು ಕೇಳಿದೆ.

“ಹೊತ್ತಾಗ ಅಲ್ಲಾಡತ್ತಲ್ಲ ಮಾಮ. ಅಲ್ಲಾಡಿದ್ರೂ ಗಿಡ ಬದಲಾಗತ್ತೆ.”

ಅದು ನಿಜ ಎಂದು ಆಮೇಲೆ ಓದಿಕೊಂಡೆ. ಗಾಳಿ, ಸ್ಪರ್ಶ, ಅಲುಗಾಟ ದಿನಾ ತಗುಲಿದರೆ ಗಿಡ ಕುಳ್ಳಗಾಗಿ ಕಾಂಡ ದಪ್ಪವಾಗುತ್ತದೆ. ಮಾರ್ಕ್ ಜಾಫೆ ಎಂಬ ವಿಜ್ಞಾನಿ 1973ರಲ್ಲಿ ಇದಕ್ಕೊಂದು ಉದ್ದದ ಗ್ರೀಕ್ ಹೆಸರನ್ನೂ ಇಟ್ಟರು. ದಿನಾ ಸವರಿ ಮುದ್ದು ಮಾಡುವವರ ಮನೆಯ ಗಿಡ ಗಿಡ್ಡವಾಗಿಯೇ ಇರುತ್ತದೆ ಎಂದಾಯಿತು. ಅಕ್ಕ ಮೊದಲ ಸುತ್ತಿನಲ್ಲಿ ಯಾವ ಸಾಲಿನ ತಲೆ ಸವರುತ್ತಿದ್ದಳೋ, ಕೇಳಲು ಮರೆತೆ.

ನೀರು ಅಳತೆಯ ಲೋಟದಲ್ಲಿ. ಎತ್ತರ ಅಳೆಯುವ ಕೆಲಸ ನನ್ನ ಹೆಂಡತಿಗೆ, ಯಾವ ನಂಬರು ಯಾವ ಗುಂಪು ಎಂದು ಅವಳಿಗೆ ಹೇಳಕೂಡದು. “ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ನನ್ನಿಂದ ಮುಚ್ಚಿಡೋಕೆ ಸಿಕ್ಕಿದ್ದು ಇದೇನಾ ನಿಮಗೆ?” ಎಂದಳಾದರೂ ಅಳತೆ ಮಾತ್ರ ನನಗಿಂತ ಚೆನ್ನಾಗಿ ಮಾಡಿದಳು. ನಾನು ಅಳೆಯುವಾಗ ಬಾಗಿದ ತುದಿಯನ್ನು ಸಂಗೀತದ ಗಿಡವಾದರೆ ಎತ್ತಿ ಹಿಡಿಯುತ್ತಿದ್ದೆ, ಬೇರೆಯದಾದರೆ ಬಿಟ್ಟುಬಿಡುತ್ತಿದ್ದೆ. ಅವಳು ಎಲ್ಲವನ್ನೂ ಒಂದೇ ಸಮ ಎತ್ತಿ ಹಿಡಿದಳು.

ದಸರೆಯ ಹತ್ತು ದಿನ ಪ್ರಯೋಗ ಅಷ್ಟಕ್ಕಷ್ಟೆ. ಅಕ್ಕ ಕಛೇರಿಗಳಿಗೆ ಓಡಾಟ, ಮನೆ ತುಂಬ ನೆಂಟರು, ಸ್ಟೋರ್ ರೂಮಿನಲ್ಲಿ ಗೊಂಬೆಯ ಪೆಟ್ಟಿಗೆಗಳು. ಒಂದು ಸಂಜೆ ಮೌನದ ಹನ್ನೆರಡು ಗಿಡಗಳೂ ನಡುಮನೆಯಲ್ಲಿ ಕೂತು ಜಂಬೂ ಸವಾರಿಯ ನೇರಪ್ರಸಾರ ಕೇಳಿಬಿಟ್ಟವು. ಲೆಡ್ಜರಿನಲ್ಲಿ ಬರೆದಿಟ್ಟಿದ್ದೇನೆ.

ನಲವತ್ತೈದನೇ ದಿನ ಲೆಕ್ಕ. ಎತ್ತರ: ಸಂಗೀತದವು ಸರಾಸರಿ 28.4 ಸೆಂಟಿಮೀಟರ್, ಮೌನದವು 28.9. ಆದರೆ ನನ್ನನ್ನು ತಟ್ಟಿದ್ದು ಈ ಎರಡು ಅಂಕಿಯಲ್ಲ. ಒಂದೇ ಗುಂಪಿನೊಳಗೆ, ಒಂದೇ ಬೀಜದ ಡಬ್ಬಿಯಿಂದ, ಒಂದೇ ಮಣ್ಣಿನಲ್ಲಿ ಬೆಳೆದ ಗಿಡಗಳಲ್ಲಿ ಅತಿ ಕುಳ್ಳನೆಯದು 22, ಅತಿ ಎತ್ತರದ್ದು 35. ಗಿಡಗಿಡಕ್ಕೇ ಇಷ್ಟು ಅಂತರ ಇರುವಾಗ ವಿಡಿಯೊದಲ್ಲಿ ಇದ್ದಂತೆ ಎರಡೇ ಕುಂಡ ಇಟ್ಟುಕೊಂಡರೆ ಏನನ್ನು ಬೇಕಾದರೂ ತೋರಿಸಬಹುದು. 35ರ ಪಕ್ಕ ವೀಣೆ ಇಟ್ಟರಾಯಿತು, 22ರ ಪಕ್ಕ ನಮ್ಮ ಎದುರು ಮನೆಯ ಮಿಕ್ಸಿ.

ಆಮೇಲೆ ಒಣತೂಕ. ಗಿಡ ಕತ್ತರಿಸಿ, ಒಣಗಿಸಿ ತೂಗಬೇಕು, ಎತ್ತರಕ್ಕಿಂತ ಅದೇ ನಂಬಿಗಸ್ತ ಅಂದಳು ಪುಟ್ಟಿ. ಅಮ್ಮ ಒಪ್ಪಲಿಲ್ಲ. “ಹೂ ಬಿಟ್ಟ ಗಿಡಾನ ಯಾರಾದ್ರೂ ಕತ್ತರಿಸ್ತಾರಾ? ನಿಮ್ಮ ಓದಿಗಷ್ಟು ಬೆಂಕಿ ಹಾಕ.” ಕತ್ತರಿಸುವ ಹಿಂದಿನ ದಿನ ಅವರು ಮೇಲೆ ಹೋಗಿ ಚೆನ್ನಾಗಿರುವ ಗಿಡಗಳನ್ನೇ ನೋಡಿ ನೋಡಿ ಹೂವು, ಮೊಗ್ಗು ಬಿಡಿಸಿಕೊಂಡು ಬಂದಿದ್ದರು. ಪುಟ್ಟಿ ತಲೆ ಮೇಲೆ ಕೈ ಹೊತ್ತು ಕೂತಳು. ಒಣತೂಕದ ಕಾಲಮ್ಮಿನಲ್ಲಿ ನಾನು ಬರೆದದ್ದು ಒಂದೇ ಮಾತು: ದೇವರಿಗೆ ಸಂದಿದೆ.

ನಮ್ಮ ಇಪ್ಪತ್ನಾಲ್ಕು ಕುಂಡದಿಂದ ಸಂಗೀತದ ಪ್ರಭಾವ ಇಲ್ಲವೇ ಇಲ್ಲ ಎಂದು ಹೇಳಲು ಬರುವುದಿಲ್ಲ. ಸಣ್ಣ ಪ್ರಭಾವವಿದ್ದರೆ ಅದು ಕಾಣಲು ನೂರಾರು ಗಿಡ ಬೇಕು, ಒಂದೇ ಸಮನಾದ ಬೆಳಕಿನ ಕೋಣೆ ಬೇಕು. ಇಷ್ಟು ಮಾತ್ರ ಹೇಳಬಲ್ಲೆ: ಮೊದಲ ಸುತ್ತಿನಲ್ಲಿ ನಮಗೆ ಕಂಡ ಐದು ಸೆಂಟಿಮೀಟರ್ ನೆರಳಿನದ್ದು, ನಾದದ್ದಲ್ಲ. ನೆಗಡಿ ದಾಟಿಸುವಷ್ಟೇ ಸಲೀಸಾಗಿ ಸಿಂಗ್ ಅವರ ಈ ಹಳೆಯ ಅಂಕಿಗಳನ್ನು ಎಲ್ಲರೂ ಎಲ್ಲ ಕಡೆ ದಾಟಿಸುತ್ತಾರೆ. ಕುಂಡ ಎಲ್ಲಿಟ್ಟಿದ್ದರು, ಬಿಸಿಲು ಯಾವ ಕಡೆಯಿಂದ ಬರುತ್ತಿತ್ತು ಎಂದು ಯಾರೂ ಕೇಳುವುದಿಲ್ಲ. ಮೂಗಿನ ನೇರಕ್ಕೇ ಇದ್ದ ಟ್ಯಾಂಕನ್ನು ನಾನೂ ನೋಡಿರಲಿಲ್ಲವಲ್ಲ.

ನವೆಂಬರಿನಲ್ಲಿ ಒಂದು ಕೃಷಿ ಪ್ರದರ್ಶನಕ್ಕೆ ಹೋದಾಗ ಒಂದು ಮಳಿಗೆಯಲ್ಲಿ ಇಂಥದ್ದೇ ಯಂತ್ರ ಕಂಡಿತು. ಹಕ್ಕಿಯಂತೆ ಚಿಲಿಪಿಲಿ ಸದ್ದು ಮಾಡುವ ಡಬ್ಬಿ, ಜೊತೆಗೆ ಎಲೆಗೆ ಸಿಂಪಡಿಸುವ ಪೋಷಕಾಂಶದ ಬಾಟಲಿ. ಸದ್ದಿಗೆ ಎಲೆಯ ರಂಧ್ರ ತೆರೆಯುತ್ತದೆ, ಆಗ ಬಾಟಲಿಯ ನೀರು ಒಳಗೆ ಹೋಗುತ್ತದೆ ಎಂದು ಅವರ ವಿವರಣೆ. “ಡಬ್ಬಿ ಇಲ್ಲದೆ ಬರೀ ಬಾಟಲಿ ಹಾಕಿದ ಗಿಡ ಯಾವುದು ಸಾರ್?” ಎಂದು ಪುಟ್ಟಿ ಕೇಳಿದಳು. ಅವರು ನನ್ನ ಕಡೆ ತಿರುಗಿ ರಿಯಾಯಿತಿ ದರ ಹೇಳಿದರು.

ಈ ನಡುವೆ ಪುಟ್ಟಿಯ ದೆಸೆಯಿಂದ ನಾನು ಒಂದಷ್ಟು ಓದಿದ್ದೆ. ಗಿಡಕ್ಕೆ ಸಂಗೀತ ಕೇಳಿಸುವ ಹುಚ್ಚು ಚಾರ್ಲ್ಸ್ ಡಾರ್ವಿನ್ನನಿಗೂ ಇತ್ತು. ಮಗ ಫ್ರಾನ್ಸಿಸನ ಕೈಯಿಂದ ಗಿಡದ ಪಕ್ಕ ಬಾಸೂನ್ ಎಂಬ ದಪ್ಪ ದನಿಯ ಊದುವ ವಾದ್ಯ ನುಡಿಸಿದ್ದ. ತನ್ನ ಇಂಥವನ್ನೆಲ್ಲ ‘ಮೂರ್ಖನ ಪ್ರಯೋಗ’ ಎಂದೇ ಕರೆದುಕೊಳ್ಳುತ್ತಿದ್ದನಂತೆ. ಅದನ್ನು ಓದಿದ ಮೇಲೆ ನನಗೂ ಸ್ವಲ್ಪ ಸಮಾಧಾನ.

ಆದರೆ ಗಿಡ ಕಿವುಡೂ ಅಲ್ಲ. 2014ರಲ್ಲಿ ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಹೈಡಿ ಆ್ಯಪೆಲ್ ಮತ್ತು ರೆಕ್ಸ್ ಕಾಕ್‌ಕ್ರಾಫ್ಟ್ ಎಂಬವರು ಕಂಬಳಿಹುಳು ಎಲೆ ಮೆಲ್ಲುವಾಗಿನ ಕಂಪನವನ್ನು ಹಿಡಿದಿಟ್ಟುಕೊಂಡು, ಹುಳುವಿಲ್ಲದ ಗಿಡದ ಎಲೆಗೆ ಅದನ್ನು ಮುಟ್ಟಿಸಿದರು. ಗಿಡ ಸಾಸಿವೆಯ ಕುಟುಂಬದ್ದು, ಅರಾಬಿಡಾಪ್ಸಿಸ್. ಆಮೇಲೆ ನಿಜವಾದ ಹುಳು ಬಿಟ್ಟಾಗ ಆ ಗಿಡ ಸಾಸಿವೆಗೆ ಘಾಟು ಕೊಡುವ ಜಾತಿಯ ರಸಾಯನಗಳನ್ನು ಹೆಚ್ಚು ತಯಾರಿಸಿಕೊಂಡಿತು. ಗಾಳಿಯ ಕಂಪನಕ್ಕಾಗಲಿ, ಎಲೆಜಿಗಿಹುಳುವಿನ ಹಾಡಿಗಾಗಲಿ ಹಾಗೆ ಮಾಡಲಿಲ್ಲ. ಇಸ್ರೇಲಿನ ಟೆಲ್ ಅವೀವ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ್ದು ಇನ್ನೂ ಸೊಗಸು: ಈವನಿಂಗ್ ಪ್ರಿಮ್‌ರೋಸ್ ಎಂಬ ಹಳದಿ ಹೂವಿಗೆ ಜೇನಿನ ಹಾರಾಟದ ಸದ್ದು ಕೇಳಿಸಿದರೆ ಮೂರು ನಿಮಿಷದೊಳಗೆ ಮಕರಂದದ ಸಿಹಿ ಹೆಚ್ಚುತ್ತದೆ. ಹೂವನ್ನು ಗಾಜಿನ ಭರಣಿಯಲ್ಲಿ ಮುಚ್ಚಿಟ್ಟರೆ ಇಲ್ಲ. ಅದೇ ವಿಶ್ವವಿದ್ಯಾಲಯದಿಂದ 2023ರಲ್ಲಿ ಬಂದ ಇನ್ನೊಂದು ವರದಿಯಂತೆ ನೀರಿಲ್ಲದೆ ಬಳಲಿದ ಟೊಮೆಟೊ ಗಿಡ ತಾನೇ ಸದ್ದು ಮಾಡುತ್ತದೆ, ಗಂಟೆಗೆ ಹತ್ತಾರು ಸಲ ಟಕ್ ಎಂದು, ನಮ್ಮ ಕಿವಿಗೆ ನಿಲುಕದಷ್ಟು ಮೇಲಿನ ಶ್ರುತಿಯಲ್ಲಿ.

ಹುಳು, ಜೇನು, ನೀರು. ಇವು ಗಿಡದ ಸಂಸಾರದ ಸದ್ದುಗಳು. ಇದನ್ನು ಅಕ್ಕನಿಗೆ ಹೇಳಿದೆ. “ಅಂದ್ರೆ ಮಾಯಾಮಾಳವಗೌಳ ಅದರ ಸಂಸಾರದ್ದಲ್ಲ ಅಂತೀಯ” ಎಂದು ಮುಖ ಊದಿಸಿಕೊಂಡಳು.

ಕತೆ ಅಲ್ಲಿಗೆ ಮುಗಿಯಬೇಕಿತ್ತು. ಬದನೆ ಮುಗಿಯಲು ಬಿಡಲಿಲ್ಲ.

ನಮ್ಮ ಬೀದಿಗೆ ಕೋತಿ ಕಾಟ ಜಾಸ್ತಿಯಾಗಿ, ತಾರಸಿಯ ಒಂದು ಮೂಲೆಗೆ ಕಬ್ಬಿಣದ ಪೈಪು ನಿಲ್ಲಿಸಿ ಸುತ್ತ ಸಣ್ಣ ಕಣ್ಣಿನ ಬಲೆ ಕಟ್ಟಿಸಿದ್ದೆ. ಸೊಳ್ಳೆಯೂ ನುಸುಳದಷ್ಟು ಸಣ್ಣ ಕಣ್ಣು. ಅದರೊಳಗೆ ಈರನಗೆರೆ ಬದನೆ ಹತ್ತು ಗಿಡ. ಗಿಡ ಭರ್ಜರಿಯಾಗಿ ಬಂತು, ನೇರಳೆ ಹೂವು ತುಂಬಿತು, ಆದರೆ ಹೂವೆಲ್ಲ ತೊಟ್ಟು ಹಳದಿಯಾಗಿ ಉದುರುತ್ತಿತ್ತು. ಗೊಬ್ಬರ ಬದಲಿಸಿದೆ, ನೀರು ಕಡಿಮೆ ಮಾಡಿದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಎರಡು ದಿನ ಸ್ಪೀಕರ್ ಕೂಡ ಇಟ್ಟೆ.

ಪುಟ್ಟಿ ಬಂದು ಒಂದು ಹೂವನ್ನು ಬಿಡಿಸಿ ಅಂಗೈ ಮೇಲಿಟ್ಟು ತೋರಿಸಿದಳು. ನಡುವೆ ಹಳದಿ ಕೇಸರಗಳ ಗೊಂಚಲು. ಬೇರೆ ಹೂವುಗಳಲ್ಲಿ ಪರಾಗ ಹೊರಗೆ ಮೆತ್ತಿಕೊಂಡಿರುತ್ತದೆ, ಬದನೆಯಲ್ಲಿ ಪ್ರತಿ ಕೇಸರವೂ ಒಂದು ಮುಚ್ಚಿದ ಕೊಳವೆ, ತುದಿಯಲ್ಲಿ ಸೂಜಿಮೊನೆಯಷ್ಟು ತೂತು. ಮೆಣಸಿನಪುಡಿ ಡಬ್ಬಿಯ ಹಾಗೆ, ಅಲುಗಿಸಿದರೆ ಮಾತ್ರ ಬೀಳುತ್ತದೆ. ಅದನ್ನು ಅಲುಗಿಸುವುದು ಕೆಲವು ದುಂಬಿಗಳು. ನಮ್ಮಲ್ಲಿ ಮರ ಕೊರೆದು ಗೂಡು ಮಾಡುವ ಕಪ್ಪು ದುಂಬಿ, ಮೈಮೇಲೆ ನೀಲಿ ಪಟ್ಟೆಯಿರುವ ಸಣ್ಣದೊಂದು ದುಂಬಿ. ಅವು ಕೇಸರವನ್ನು ಅಪ್ಪಿ ಹಿಡಿದು, ರೆಕ್ಕೆ ಬಡಿಯದೆ, ಹಾರಲು ಬಳಸುವ ಸ್ನಾಯುಗಳನ್ನಷ್ಟೇ ನಡುಗಿಸುತ್ತವೆ. ಇಡೀ ಹೂವು ಗುಂಯ್‌ಗುಡುತ್ತದೆ, ಪುಡಿ ಉದುರುತ್ತದೆ. ಜೇನ್ನೊಣಕ್ಕೆ ಈ ವಿದ್ಯೆ ಬರುವುದಿಲ್ಲ. ನನ್ನ ಬಲೆ ಕೋತಿಯ ಜೊತೆ ದುಂಬಿಯನ್ನೂ ಆಚೆ ಇಟ್ಟಿತ್ತು, ಗಾಳಿಯನ್ನೂ ಅರ್ಧ ತಡೆದಿತ್ತು.

ದುಂಬಿಯ ಈ ಗುಂಯ್‌ಕಾರ ಸಾಮಾನ್ಯವಾಗಿ 200ರಿಂದ 400 ಹರ್ಟ್ಸ್ ಆಸುಪಾಸಿನಲ್ಲಿ ಇರುತ್ತದಂತೆ. ಅಕ್ಕ ಹಾಡುವುದು ಐದು ಕಟ್ಟೆಯ ಶ್ರುತಿಯಲ್ಲಿ, ಅವಳ ಷಡ್ಜ 196. ಅಂದರೆ ಅವಳ ಮಧ್ಯಸ್ಥಾಯಿಯೇ ದುಂಬಿಯ ಕೆಲಸದ ಜಾಗ.

ಟ್ಯೂನಿಂಗ್ ಫೋರ್ಕ್ ಬೇಕು ಎಂದಳು ಪುಟ್ಟಿ. ಅದನ್ನು ಕೇಳಲು ಪಕ್ಕದ ಮನೆಗೆ ಹೋದೆ. ಮೇಷ್ಟ್ರು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವರು. ಯಾಕೆ ಎಂದು ಕೇಳಿದಾಗ ಸರಳೆವರಸೆಯಿಂದ ಹಿಡಿದು ಎಲ್ಲವನ್ನೂ ಒಪ್ಪಿಕೊಳ್ಳಬೇಕಾಯಿತು. ಅವರು ನಗಲಿಲ್ಲ. ಹಳೆಯ ಪೆನ್ಸಿಲ್ ಪೆಟ್ಟಿಗೆಯಿಂದ 256 ಎಂದು ಕೆತ್ತಿದ ಫೋರ್ಕ್ ತೆಗೆದುಕೊಂಡು ತಾವೇ ಹೊರಟರು.

ಫೋರ್ಕನ್ನು ಹವಾಯಿ ಚಪ್ಪಲಿಯ ಅಟ್ಟೆಗೆ ಹೊಡೆದರು. (“ನಾದ ಬರೋ ವಸ್ತೂನ ಚಪ್ಪಲಿಗೆ ಹೊಡೀತಾರೆ!” ಎಂದು ಅಮ್ಮ ಕೆನ್ನೆ ತಟ್ಟಿಕೊಂಡರು.) ಪುಟ್ಟಿ ಹೂವಿನ ಕೆಳಗೆ ಕಪ್ಪು ಕಾಗದ ಹಿಡಿದಳು. ಮೊದಲು ಫೋರ್ಕನ್ನು ಹೂವಿನ ಪಕ್ಕ ಗಾಳಿಯಲ್ಲಿ ಹಿಡಿದರು. ಏನೂ ಇಲ್ಲ. ಸ್ಪೀಕರ್ ತಂದು ಅದೇ ಸ್ವರವನ್ನು ಕಿವಿ ಕಿತ್ತುಹೋಗುವ ಹಾಗೆ ಹಚ್ಚಿದೆವು. ಏನೂ ಇಲ್ಲ. ಮತ್ತೆ ಚಪ್ಪಲಿಗೆ ಹೊಡೆದು, ಈ ಸಲ ಫೋರ್ಕಿನ ತುದಿಯನ್ನು ಹೂವಿನ ತೊಟ್ಟಿಗೆ ಮುಟ್ಟಿಸಿದರು. ಕಪ್ಪು ಕಾಗದದ ಮೇಲೆ ಹಿಟ್ಟು ಜರಡಿ ಹಿಡಿದ ಹಾಗೆ ತೆಳ್ಳಗೆ ಪುಡಿ ಬಿತ್ತು.

ಮೂವರೂ ಒಂದು ಕ್ಷಣ ಮಾತಾಡಲಿಲ್ಲ. ಅಷ್ಟು ತಿಂಗಳಲ್ಲಿ ನಾದಕ್ಕೆ ಗಿಡ ಕೊಟ್ಟ ಉತ್ತರವನ್ನು ಕಣ್ಣಾರೆ ಕಂಡದ್ದು ಅದೇ ಮೊದಲು. ಉತ್ತರ ಎನ್ನುವುದೂ ತಪ್ಪೇ, ಡಬ್ಬಿ ಅಲುಗಿತು, ಪುಡಿ ಬಿತ್ತು.

ಫೋರ್ಕಿನ ನಡುಕ ಬೇಗ ಸಾಯುತ್ತದೆ, ಹೂವಿಗೊಂದು ಸಲ ಚಪ್ಪಲಿ ಸೇವೆ ಆಗಬೇಕು. ಮಾರನೇ ದಿನದಿಂದ ಹೆಂಡತಿಯ ಬ್ಯಾಟರಿ ಟೂತ್‌ಬ್ರಷ್ ಬಂತು. ಬೆಳಿಗ್ಗೆ ಎಂಟರಿಂದ ಹತ್ತರೊಳಗೆ, ಇಬ್ಬನಿ ಆರಿದ ಮೇಲೆ, ತೊಟ್ಟಿನ ಹಿಂದೆ ಎರಡು ಸೆಕೆಂಡು ಮುಟ್ಟಿಸುವುದು. ಪುಟ್ಟಿ ಇನ್ನೂ ಒಂದು ಸೂಕ್ಷ್ಮ ಹೇಳಿಕೊಟ್ಟಳು: ಬದನೆಯಲ್ಲಿ ಎಲ್ಲ ಹೂವೂ ಕಾಯಾಗುವುದಿಲ್ಲ. ನಡುವಿನ ಹಸಿರು ಕಡ್ಡಿ ಕೇಸರಗಳನ್ನು ದಾಟಿ ಹೊರಗೆ ಚಾಚಿದ್ದರೆ ಅದು ಕಾಯಿ ಕಟ್ಟುವ ಹೂವು. ಕೇಸರದೊಳಗೇ ಹುದುಗಿದ್ದರೆ ಏನು ಮಾಡಿದರೂ ಉದುರುತ್ತದೆ. ಆದ್ದರಿಂದ ಚಾಚಿದ್ದನ್ನೇ ಆರಿಸಿ ಇಪ್ಪತ್ತು ಹೂವಿಗೆ ಕೆಂಪು ದಾರ ಕಟ್ಟಿ ಬ್ರಷ್ ಮುಟ್ಟಿಸಿದೆ, ಇಪ್ಪತ್ತಕ್ಕೆ ಬಿಳಿ ದಾರ ಕಟ್ಟಿ ಸುಮ್ಮನೆ ಬಿಟ್ಟೆ. ಕೆಂಪು ದಾರದಲ್ಲಿ ಹದಿನಾಲ್ಕು ಕಾಯಿ, ಬಿಳಿಯಲ್ಲಿ ಐದು. ಕೆಂಪು ಶಾಯಿ ಬಳಸಲಿಲ್ಲ, ಮೊದಲ ಸಲದ ನಾಚಿಕೆ ಇನ್ನೂ ಇತ್ತು.

ಆದರೆ ದಿನಾ ಬ್ರಷ್ ಹಿಡಿದು ಹೂವಿಗೆ ಹಲ್ಲುಜ್ಜುವುದು ಎಷ್ಟು ದಿನ? ಜನವರಿಯಲ್ಲಿ ಬಲೆಯ ಒಂದು ಮಗ್ಗುಲನ್ನು ಬೆಳಿಗ್ಗೆ ಎರಡು ಗಂಟೆ ಎತ್ತಿ ಕಟ್ಟತೊಡಗಿದೆ. ನಾಲ್ಕನೇ ದಿನ ದಪ್ಪ ಕಪ್ಪು ದುಂಬಿಯೊಂದು ಒಳಗೆ ಬಂತು. ಅಕ್ಕ ಬಟ್ಟೆ ಒಣಹಾಕುತ್ತಿದ್ದವಳು ಕೈ ಎತ್ತಿ “ಶ್!” ಎಂದಳು. ಹಾರುವಾಗ ಒಂದು ಸ್ವರ. ಹೂವನ್ನು ಅಪ್ಪಿದ ಕೂಡಲೇ ಸದ್ದು ಮೊನಚಾಗಿ ಮೇಲಕ್ಕೆ ಏರಿತು, ಬಿಟ್ಟ ಕೂಡಲೇ ಮತ್ತೆ ಕೆಳಗಿಳಿಯಿತು. “ನೋಡೋ, ಕೆಲಸಕ್ಕೆ ಶ್ರುತಿ ಏರಿಸ್ಕೊಂಡಿತು” ಎಂದಳು. ಫೋನಿನಲ್ಲಿ ತಂಬೂರಿ ಆ್ಯಪ್ ತೆರೆದು ಸ್ವರ ಹಿಡಿಯಲು ನೋಡಿದಳು, ಅಷ್ಟರಲ್ಲಿ ಅದು ನಾಲ್ಕನೇ ಹೂವಿಗೆ ಹೋಗಿತ್ತು. ನನಗೆ ಎರಡೂ ಗುಂಯ್ ಎಂದೇ ಕೇಳಿಸಿದ್ದು. ಪುಟ್ಟಿಯ ಪುಸ್ತಕದಲ್ಲಿ ಅಕ್ಕ ಹೇಳಿದ್ದೇ ಇದೆ, ಹೂವು ನಡುಗಿಸುವ ಸದ್ದು ಹಾರುವ ಸದ್ದಿಗಿಂತ ಮೇಲಿನದ್ದು.

ಎತ್ತಿದ ಬಲೆಯಿಂದ ದುಂಬಿಯ ಹಿಂದೆಯೇ ಕೋತಿಗಳೂ ಬಂದವು. ಒಂದೇ ಬೆಳಿಗ್ಗೆ ಏಳು ಬದನೆಕಾಯಿ ಕಿತ್ತು, ಅರ್ಧರ್ಧ ಕಚ್ಚಿ, ಟ್ಯಾಂಕಿನ ಮೇಲೆ ಕೂತು ನಮ್ಮತ್ತಲೇ ಎಸೆದವು. ಕಾವಲಿಗೆ ಜನ ಬೇಕು. ನನಗೆ ಕಚೇರಿ, ಅಮ್ಮನಿಗೆ ಮಂಡಿ ನೋವು. ಕೊನೆಗೆ ಅಕ್ಕ ಭಾನುವಾರದ ಪಾಠವನ್ನು ತಾರಸಿಗೆ ತಂದಳು, ಆಮೇಲೆ ರಜೆಯ ದಿನದ ಪಾಠಗಳನ್ನೂ. ಎಂಟು ಮಕ್ಕಳು ಚಾಪೆ ಹಾಕಿ ಕೂತು ಒಟ್ಟಿಗೆ ಗಂಟಲು ತೆರೆದರೆ ಕೋತಿಗಳು ಎದುರು ಮನೆಯ ಸಜ್ಜೆಯಿಂದ ಈಚೆಗೆ ದಾಟುವುದಿಲ್ಲ. ದುಂಬಿಗೆ ಮಕ್ಕಳ ಹಂಗಿಲ್ಲ, ಅದರ ಪಾಡಿಗೆ ಅದು ಬಂದು ಹೋಗುತ್ತದೆ.

ಹೋದ ಭಾನುವಾರ ಮೇಷ್ಟ್ರು ಮತ್ತೆ ಕಾಂಪೌಂಡಿನ ಮೇಲಿಂದ ಕತ್ತು ಚಾಚಿದರು. “ಮತ್ತೆ ಸರಳೆವರಸೆ! ಈ ಸಲ ಯಾರಿಗೆ ಸ್ವಾಮಿ?”

“ಕೋತಿಗೆ ಸಾರ್” ಎಂದೆ. ಸಂಜೆ ಅವರ ಮನೆಗೂ ನಾಲ್ಕು ಬದನೆಕಾಯಿ ಕಳಿಸಿದೆವು.